ಆಂಟಿಸೈಕೋಟಿಕ್ ಔಷಧಿಗಳು ಮತ್ತು ಅರಿವಿನ ಸಾಮರ್ಥ್ಯ

ಆಂಟಿಸೈಕೋಟಿಕ್ ಔಷಧಿಗಳು ಸ್ಕಿಜೋಫ್ರೇನಿಯಾ ಮತ್ತಿತರ ಚಿತ್ತವಿಕಲತೆಗಳ (ಸೈಕೋಸಿಸ್) ಚಿಕಿತ್ಸೆಯಲ್ಲಿ ಬಳಕೆಯಾಗುತ್ತವೆ. ಇಲ್ಲದ ದನಿಗಳು ಕೇಳಿಸುವುದು, ಆಧಾರವಿಲ್ಲದ ದೃಢ ನಂಬಿಕೆಗಳು ಮುಂತಾದ ಲಕ್ಷಣಗಳನ್ನು ಇವು ತಗ್ಗಿಸುತ್ತವೆ. ಗಮನ, ನೆನಪು, ಯೋಚನೆಯ ವೇಗ, ಯೋಜನಾ ಶಕ್ತಿ ಇವುಗಳನ್ನು ಒಟ್ಟಾಗಿ ಅರಿವಿನ ಸಾಮರ್ಥ್ಯ ಎನ್ನಲಾಗುತ್ತದೆ. ಇದರ ಮೇಲೆ ಈ ಔಷಧಿಗಳ ಪರಿಣಾಮವು ಔಷಧಿಯ ಬಗೆ, ಪ್ರಮಾಣ ಮತ್ತು ಜೊತೆಗೆ ನೀಡುವ ಇತರ ಔಷಧಿಗಳನ್ನು ಅವಲಂಬಿಸಿದೆ.

ಕಾಯಿಲೆಯಲ್ಲಿಯೇ ಇರುವ ಕೊರತೆ

ಸ್ಕಿಜೋಫ್ರೇನಿಯಾದಲ್ಲಿ ಅರಿವಿನ ಕೊರತೆಯು ಔಷಧಿಯಿಂದಷ್ಟೇ ಉಂಟಾದುದಲ್ಲ. ಜರ್ಮನ್ ಮನೋವೈದ್ಯ ಎಮಿಲ್ ಕ್ರೆಪೆಲಿನ್ 19ನೇ ಶತಮಾನದ ಕೊನೆಯಲ್ಲಿ ಈ ಕಾಯಿಲೆಯನ್ನು 'ಡಿಮೆನ್ಶಿಯಾ ಪ್ರಿಕಾಕ್ಸ್', ಅಂದರೆ ಅಕಾಲಿಕ ಬುದ್ಧಿಕ್ಷಯ, ಎಂದು ಕರೆದಿದ್ದರು. ಮೊದಲ ಆಂಟಿಸೈಕೋಟಿಕ್ ಔಷಧಿಯಾದ ಕ್ಲೋರ್‌ಪ್ರೊಮಜೀನ್ ಪ್ಯಾರಿಸ್‌ನಲ್ಲಿ ರೋಗಿಗಳಿಗೆ ಬಳಕೆಯಾದದ್ದು 1952ರಲ್ಲಿ. ಔಷಧಿಯನ್ನು ಇನ್ನೂ ಆರಂಭಿಸದ ಹೊಸ ರೋಗಿಗಳಲ್ಲಿಯೂ ನೆನಪು ಮತ್ತು ಯೋಚನೆಯ ವೇಗ ಕುಂದಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಓದು, ಉದ್ಯೋಗ ಮತ್ತು ಸ್ವತಂತ್ರ ಬದುಕಿಗೆ ಈ ಕೊರತೆಗಳು ದೊಡ್ಡ ಅಡ್ಡಿಯಾಗುತ್ತವೆ.

ಔಷಧಿಗಳ ಕ್ರಿಯೆ

ಬಹುತೇಕ ಆಂಟಿಸೈಕೋಟಿಕ್‌ಗಳು ಮಿದುಳಿನಲ್ಲಿ ಡೋಪಮೈನ್‌ನ ಡಿ2 ಗ್ರಾಹಕಗಳನ್ನು ತಡೆಯುತ್ತವೆ. ಸುಮಾರು ಶೇ. 65ರಿಂದ 80ರಷ್ಟು ಗ್ರಾಹಕಗಳು ತಡೆಯಲ್ಪಟ್ಟಾಗ ರೋಗಲಕ್ಷಣಗಳು ತಗ್ಗುತ್ತವೆ. ಈ ಮಿತಿಯನ್ನು ಮೀರಿದಾಗ ಕೈನಡುಕ, ಸ್ನಾಯುಗಳ ಬಿಗಿತ ಮುಂತಾದ ತೊಂದರೆಗಳು ಹೆಚ್ಚುತ್ತವೆ. ಯೋಚನೆ ಮಂದವಾಗುವುದು ಮತ್ತು ಉತ್ಸಾಹ ಕುಗ್ಗುವುದೂ ಅತಿಯಾದ ಪ್ರಮಾಣದೊಂದಿಗೆ ಕಂಡುಬರುತ್ತವೆ.

ಕಲಿಕೆ ಮತ್ತು ನೆನಪಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ಕೆಲವು ಔಷಧಿಗಳು ತಡೆಯುತ್ತವೆ. ಕ್ಲೋಜಪಿನ್ ಮತ್ತು ಓಲಾಂಜಪಿನ್‌ಗಳಿಗೆ ಈ ಗುಣವಿದೆ. ನಡುಕ ಮತ್ತು ಬಿಗಿತವನ್ನು ಕಡಿಮೆ ಮಾಡಲು ಜೊತೆಯಲ್ಲಿ ನೀಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ಇದೇ ರೀತಿ ಕೆಲಸ ಮಾಡುತ್ತದೆ. ಹೀಗಾಗಿ ಮರೆವಿಗೆ ಮುಖ್ಯ ಔಷಧಿಗಿಂತ ಜೊತೆಯ ಗುಳಿಗೆಯೇ ಕಾರಣವಾಗಿರಬಹುದು.

ಅಧ್ಯಯನಗಳ ಫಲಿತಾಂಶ

ಎರಡನೆಯ ಪೀಳಿಗೆಯ ಔಷಧಿಗಳು ಅರಿವನ್ನು ಗಣನೀಯವಾಗಿ ಸುಧಾರಿಸುತ್ತವೆ ಎಂಬ ನಿರೀಕ್ಷೆ 1990ರ ದಶಕದಲ್ಲಿ ಪ್ರಬಲವಾಗಿತ್ತು. ಅಮೆರಿಕದಲ್ಲಿ ಸುಮಾರು 1,500 ರೋಗಿಗಳನ್ನು ಒಳಗೊಂಡ 'ಕೇಟಿ' ಅಧ್ಯಯನದ ಅರಿವಿಗೆ ಸಂಬಂಧಿಸಿದ ಫಲಿತಾಂಶಗಳು 2007ರಲ್ಲಿ ಪ್ರಕಟವಾದವು. ಎಲ್ಲ ಗುಂಪುಗಳಲ್ಲೂ ಅಲ್ಪ ಸುಧಾರಣೆ ಕಂಡುಬಂದಿತು. ಹಳೆಯ ಔಷಧಿ ಪರ್ಫೆನಜೀನ್ ಹೊಸ ಔಷಧಿಗಳಿಗಿಂತ ಹಿಂದೆ ಬೀಳಲಿಲ್ಲ. ಮೊದಲ ಬಾರಿ ಕಾಯಿಲೆಗೆ ತುತ್ತಾದವರ ಕುರಿತ ಯುರೋಪಿನ 'ಯೂಫೆಸ್ಟ್' ಅಧ್ಯಯನವೂ 2009ರಲ್ಲಿ ಇಂತಹುದೇ ಫಲಿತಾಂಶವನ್ನು ನೀಡಿತು. ಆರೋಗ್ಯವಂತರು ಕೂಡ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಎದುರಿಸಿದಾಗ ಹೆಚ್ಚು ಅಂಕ ಪಡೆಯುತ್ತಾರೆ. ಆದ್ದರಿಂದ ಸುಧಾರಣೆಯ ಒಂದು ಭಾಗ ಕೇವಲ ಅಭ್ಯಾಸದ ಫಲವೆಂದು ಪರಿಗಣಿಸಲಾಗಿದೆ.

ಪ್ರಮಾಣವನ್ನು ಕಡಿಮೆ ಮಾಡುವುದು

ಹೆಚ್ಚಿನ ಪ್ರಮಾಣದ ಔಷಧಿ ಪಡೆಯುವವರಲ್ಲಿ ಅರಿವಿನ ಪರೀಕ್ಷೆಗಳ ಅಂಕ ಕಡಿಮೆಯಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಕಾಯಿಲೆ ತೀವ್ರವಾಗಿರುವವರಿಗೇ ಹೆಚ್ಚು ಪ್ರಮಾಣ ನೀಡಲಾಗುವುದರಿಂದ ಕಾರಣವನ್ನು ಬೇರ್ಪಡಿಸುವುದು ಕಷ್ಟ. ಇಂಗ್ಲೆಂಡಿನಲ್ಲಿ 253 ಜನರನ್ನು ಒಳಗೊಂಡು ನಡೆದ 'ರೇಡಾರ್' ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಔಷಧಿಯನ್ನು ಹಂತಹಂತವಾಗಿ ಕಡಿಮೆ ಮಾಡಿದವರಲ್ಲಿ ಎರಡು ವರ್ಷಗಳ ನಂತರ ಸಾಮಾಜಿಕ ಜೀವನ ಉತ್ತಮಗೊಂಡಿರಲಿಲ್ಲ. ಕಾಯಿಲೆ ಮರುಕಳಿಸಿದವರ ಸಂಖ್ಯೆ ಹೆಚ್ಚಾಗಿತ್ತು.

ಚಿಕಿತ್ಸೆಯಲ್ಲಿ ಮಹತ್ವ

ಮರೆವು ಮತ್ತು ಮಂಕುತನ ಔಷಧಿಯಿಂದಲೇ ಬಂದವೆಂದು ಭಾವಿಸಿ ಅದನ್ನು ಹಠಾತ್ತನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯವಿದೆ. ಮತ್ತೊಂದೆಡೆ, ಎಲ್ಲವನ್ನೂ ಕಾಯಿಲೆಯ ಲಕ್ಷಣವೆಂದು ತಳ್ಳಿಹಾಕಿದರೆ ಸರಿಪಡಿಸಬಹುದಾದ ತೊಂದರೆಯೂ ಹಾಗೆಯೇ ಉಳಿಯುತ್ತದೆ. ವೈದ್ಯರ ಮೇಲ್ವಿಚಾರಣೆಯಲ್ಲಿ ಪ್ರಮಾಣವನ್ನು ಮರುಪರಿಶೀಲಿಸುವುದು, ಅನಗತ್ಯವಾದ ಜೊತೆ ಔಷಧಿಗಳನ್ನು ಕ್ರಮೇಣ ಕೈಬಿಡುವುದು ಮತ್ತು ನಿದ್ರೆ, ಖಿನ್ನತೆಗಳನ್ನು ಗಮನಿಸುವುದು ಮೊದಲ ಹೆಜ್ಜೆಗಳಾಗಿವೆ. ಗಮನ ಮತ್ತು ನೆನಪಿಗೆ ಕ್ರಮಬದ್ಧ ಅಭ್ಯಾಸ ನೀಡುವ ಅರಿವಿನ ಪುನಶ್ಚೇತನ ತರಬೇತಿಯಿಂದ ಸಾಧಾರಣ ಮಟ್ಟದ ಪ್ರಯೋಜನವಿದೆ. ಉದ್ಯೋಗ ತರಬೇತಿಯೊಂದಿಗೆ ಸೇರಿದಾಗ ಅದು ಹೆಚ್ಚು ಫಲಕಾರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಭಾರತೀಯರಿಗೆ ಹೊಂದುವಂತೆ ರೂಪಿಸಿದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯನ್ನು 2004ರಲ್ಲಿ ಪ್ರಕಟಿಸಿತು. ಇಂತಹ ಪರೀಕ್ಷೆಗಳನ್ನು ಚಿಕಿತ್ಸೆಯ ಮೊದಲು ಮತ್ತು ನಂತರ ನಡೆಸಿ ಹೋಲಿಸಿದರೆ, ಮೊದಲೇ ಇದ್ದ ಕೊರತೆ ಯಾವುದು, ಆಮೇಲೆ ಸೇರಿಕೊಂಡದ್ದು ಯಾವುದು ಎಂದು ಗುರುತಿಸಲು ಸಹಾಯವಾಗುತ್ತದೆ.