ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಬಯೋಸ್ ಪಾಸ್‌ವರ್ಡ್: ಗೊತ್ತಿಲ್ಲದಿದ್ದರೆ ಏನು ಮಾಡಬಹುದು, ಏನು ಮಾಡಬಾರದು

ಹಳೆ ಲ್ಯಾಪ್‌ಟಾಪ್ ಕೊಂಡವರಿಗೆ ಈ ತೊಂದರೆ ಗೊತ್ತಾಗುವುದು ಹೆಚ್ಚಾಗಿ ಹಣ ಕೊಟ್ಟು ಒಂದು ವಾರ ಕಳೆದ ಮೇಲೆ. ಅಂಗಡಿಯಲ್ಲಿ ನೋಡುವಾಗ ವಿಂಡೋಸ್ ಸರಿಯಾಗಿ ಓಪನ್ ಆಗಿರುತ್ತದೆ. ಸೌಂಡ್, ಕ್ಯಾಮೆರಾ, ಚಾರ್ಜಿಂಗ್ ಎಲ್ಲ ಓಕೆ. ಮನೆಗೆ ತಂದು ಪೆನ್‌ಡ್ರೈವಿನಿಂದ ಹೊಸ ವಿಂಡೋಸ್ ಹಾಕೋಣ, ಇಲ್ಲವೇ ಕಾಲೇಜಿನ ಪ್ರಾಜೆಕ್ಟಿಗೆ ವರ್ಚುವಲ್ ಮಷಿನ್ ಓಡಿಸೋಣ ಅಂತ ಎಫ್2 ಒತ್ತಿದರೆ ಒಂದು ಬೀಗದ ಚಿತ್ರ, ಅದರ ಪಕ್ಕ ಒಂದು ಖಾಲಿ ಚೌಕ. ಮಾರಿದವರಿಗೆ ಫೋನ್ ಮಾಡಿದರೆ "ನಮಗೂ ಗೊತ್ತಿಲ್ಲ, ಅದು ಹಾಗೆಯೇ ಬಂದದ್ದು" ಎಂಬ ಉತ್ತರ.

ಮಂಜೇಶ್ವರ, ಉಪ್ಪಳ, ಕಾಸರಗೋಡು ಕಡೆಗೆ ಇಂಥ ಲ್ಯಾಪ್‌ಟಾಪ್ ಬರುವ ದಾರಿ ಒಂದೆರಡಲ್ಲ. ಗಲ್ಫಿನಲ್ಲಿರುವ ಅಣ್ಣನೋ ಮಾವನೋ ಊರಿಗೆ ಬರುವಾಗ ತರುವುದು ಒಂದು. ಮಂಗಳೂರಿನ ಅಂಗಡಿಗಳಿಂದ, ಬೆಂಗಳೂರಿನ ಎಸ್‌ಪಿ ರೋಡಿನಿಂದ ಬರುವ ಕಂಪೆನಿ ಮಾಲು ಇನ್ನೊಂದು. ದೊಡ್ಡ ಕಂಪೆನಿಗಳು ಲ್ಯಾಪ್‌ಟಾಪುಗಳನ್ನು ಕೆಲವು ವರ್ಷ ಬಳಸಿ ಲಾಟ್‌ ಲೆಕ್ಕದಲ್ಲಿ ಹೊರಗೆ ಹಾಕುತ್ತವೆ. ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್ ಕಡಿಮೆ ರೇಟಿಗೆ ಸಿಗುವುದು ಹೀಗೆ. ಮಾಲು ಗಟ್ಟಿಯೇ. ಆದರೆ ನೌಕರರು ಸೆಟ್ಟಿಂಗ್ ಬದಲಿಸಬಾರದೆಂದು ಕಂಪೆನಿಯ ಐಟಿಯವರು ಹಾಕಿದ ಪಾಸ್‌ವರ್ಡ್ ಕೂಡ ಒಟ್ಟಿಗೇ ಬರುತ್ತದೆ.

ಇದು ವಿಂಡೋಸ್ ಪಾಸ್‌ವರ್ಡ್ ಅಲ್ಲ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ವಿಂಡೋಸಿಗಿಂತ ಮೊದಲು ಎದ್ದು ಕೀಬೋರ್ಡ್, ಡಿಸ್ಕ್, ಡಿಸ್‌ಪ್ಲೇ ಎಲ್ಲವನ್ನು ತಯಾರು ಮಾಡುವ ಪ್ರೋಗ್ರಾಂ ಒಂದಿದೆ. ಅದೇ ಫರ್ಮ್‌ವೇರ್, ಹಳೆಯ ಹೆಸರು ಬಯೋಸ್, ಈಗಿನದ್ದು ಯುಇಎಫ್‌ಐ. ಅದು ಕೂತಿರುವುದು ಹಾರ್ಡ್‌ಡಿಸ್ಕಿನಲ್ಲಿ ಅಲ್ಲ, ಮದರ್‌ಬೋರ್ಡಿನ ಮೇಲಿನ ಚಿಪ್‌ನಲ್ಲಿ. ಹಾಗಾಗಿ ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ, ಹೊಸ ಎಸ್‌ಎಸ್‌ಡಿ ಹಾಕಿದರೂ ಹೋಗುವುದಿಲ್ಲ.

ಮೊದಲು ನೋಡಬೇಕಾದದ್ದು, ಬಿದ್ದಿರುವ ಬೀಗ ಯಾವುದು ಎಂದು. ಲ್ಯಾಪ್‌ಟಾಪ್ ಮಾಮೂಲಾಗಿ ಆನ್ ಆಗಿ, ಸೆಟಪ್ ಒಳಗೆ ಹೋಗುವಾಗ ಮಾತ್ರ ಪಾಸ್‌ವರ್ಡ್ ಕೇಳಿದರೆ ಅದು ಸೂಪರ್‌ವೈಸರ್ ಅಥವಾ ಅಡ್ಮಿನ್ ಪಾಸ್‌ವರ್ಡ್. ಪವರ್ ಬಟನ್ ಒತ್ತಿದ ತಕ್ಷಣ ಕೇಳಿ, ಕೊಡದೆ ಮುಂದೆ ಹೋಗದಿದ್ದರೆ ಪವರ್ ಆನ್ ಪಾಸ್‌ವರ್ಡ್. ಮೂರನೆಯದ್ದು ಹಾರ್ಡ್‌ಡಿಸ್ಕ್ ಪಾಸ್‌ವರ್ಡ್. ಅದು ಡಿಸ್ಕಿನ ಒಳಗೇ ಇರುತ್ತದೆ. ಆ ಡಿಸ್ಕನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿದರೆ ಅಲ್ಲಿಯೂ ಕೇಳುತ್ತದೆ. ಇದು ಮರೆತು ಹೋದರೆ ಕಂಪೆನಿಯವರೂ ಡೇಟಾ ತೆಗೆದುಕೊಡುವುದಿಲ್ಲ. ಲೆನೊವೊ ತನ್ನ ಮ್ಯಾನ್ಯುವಲ್‌ನಲ್ಲೇ ಡಿಸ್ಕ್ ಬದಲಿಸಬೇಕಷ್ಟೇ ಎಂದು ಬರೆದಿದೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇದರಲ್ಲಿ ದೊಡ್ಡ ನಷ್ಟವಿಲ್ಲ, ಹೊಸ ಡಿಸ್ಕ್ ಹಾಕಿದರೆ ಕೆಲಸ ಮುಗಿಯಿತು. ಸ್ವಂತ ಫೋಟೊ, ಲೆಕ್ಕಪತ್ರ ಅದರಲ್ಲಿದ್ದರೆ ಮಾತ್ರ ಕಷ್ಟ.

ಪಾಸ್‌ವರ್ಡ್ ನೆನಪಿದೆ, ಆದರೂ ತಪ್ಪು ಎನ್ನುತ್ತದೆ ಎಂಬ ದೂರು ಕೂಡ ಇದೆ. ಇಲ್ಲಿ ಕೀಬೋರ್ಡನ್ನೇ ಮೊದಲು ಸಂಶಯಿಸಬೇಕು. ಬಲಬದಿಯಲ್ಲಿ ನಂಬರ್ ಪ್ಯಾಡ್ ಇಲ್ಲದ ಹಳೆ ಲ್ಯಾಪ್‌ಟಾಪುಗಳಲ್ಲಿ ನಮ್ ಲಾಕ್ ಆನ್ ಆಗಿದ್ದರೆ ಯು, ಐ, ಒ ಕೀಗಳು 4, 5, 6 ಆಗುತ್ತವೆ. ಜೆ, ಕೆ, ಎಲ್ ಕೀಗಳು 1, 2, 3. ಎಂ ಕೀ ಸೊನ್ನೆ. ಪಾಸ್‌ವರ್ಡ್ ಹಾಕಿದ ದಿನ ಆನ್ ಇದ್ದು ಈಗ ಆಫ್ ಇದ್ದರೂ ಅದೇ ಕಥೆ. ಚೌಕದಲ್ಲಿ ಕಾಣುವುದು ಚುಕ್ಕಿ ಮಾತ್ರ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕ್ಯಾಪ್ಸ್ ಲಾಕ್ ಕೂಡ ನೋಡಬೇಕು. ಚಹಾ ಬಿದ್ದು ಒಂದು ಕೀ ಹಿಡಿದುಕೊಂಡಿದ್ದರೆ ಯುಎಸ್‌ಬಿ ಕೀಬೋರ್ಡ್ ಹಾಕಿ ಟೈಪ್ ಮಾಡಿ ನೋಡಬಹುದು. ಮೂರು ಸಲ ತಪ್ಪಿದರೆ ಹೆಚ್ಚಿನ ಲ್ಯಾಪ್‌ಟಾಪ್ ಲಾಕ್ ಆಗುತ್ತದೆ. ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಇನ್ನೊಮ್ಮೆ ಅವಕಾಶ ಸಿಗುತ್ತದೆ.

ಇನ್ನು ಎಲ್ಲರೂ ಹೇಳುವ ಮದ್ದು: "ಸೆಲ್ ತೆಗೆದು ಹಾಕು, ಸರಿಯಾಗ್ತದೆ." ಈ ಮಾತು ಬಂದದ್ದು ಹಳೆ ಡೆಸ್ಕ್‌ಟಾಪ್ ಕಾಲದಿಂದ. ಆಗ ಸೆಟ್ಟಿಂಗ್, ಪಾಸ್‌ವರ್ಡ್ ಎರಡೂ ಸಿಮಾಸ್ ಎಂಬ ಸಣ್ಣ ಮೆಮೊರಿಯಲ್ಲಿ ಇದ್ದವು. ಅದಕ್ಕೆ ಜೀವ ಕೊಡುತ್ತಿದ್ದದ್ದು ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಂಥ ಸೆಲ್. ಸೆಲ್ ತೆಗೆದರೆ ಮೆಮೊರಿ ಖಾಲಿ, ಪಾಸ್‌ವರ್ಡ್ ಮಾಯ. ಡೆಸ್ಕ್‌ಟಾಪಿನ ಹಲವು ಬೋರ್ಡುಗಳಲ್ಲಿ ಇದು ಈಗಲೂ ನಡೆಯುತ್ತದೆ. ಅದಕ್ಕೆಂದೇ ಒಂದು ಜಂಪರ್ ಕೂಡ ಇರುತ್ತದೆ. ಲ್ಯಾಪ್‌ಟಾಪಿನ ಮಾತು ಬೇರೆ. ಅದರಲ್ಲೂ ಕಂಪೆನಿ ಮಾಡೆಲ್‌ಗಳಲ್ಲಿ ಅಡ್ಮಿನ್ ಪಾಸ್‌ವರ್ಡ್ ಇರುವುದು ಕರೆಂಟ್ ಇಲ್ಲದೆಯೂ ಅಳಿಯದ ಚಿಪ್‌ನಲ್ಲಿ. ಒಂದು ರಾತ್ರಿ ಸೆಲ್ ತೆಗೆದಿಟ್ಟರೂ ಹೋಗುವುದು ತಾರೀಕು, ಸಮಯ ಮಾತ್ರ. ಥಿಂಕ್‌ಪ್ಯಾಡ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಲ್ಲದೆ ಬರೀ ಪವರ್ ಆನ್ ಪಾಸ್‌ವರ್ಡ್ ಇದ್ದರೆ ಸೆಲ್ ತೆಗೆಯುವುದು ಕಂಪೆನಿಯೇ ಹೇಳಿದ ದಾರಿ. ಸೂಪರ್‌ವೈಸರ್ ಪಾಸ್‌ವರ್ಡ್ ಇದ್ದರೆ ಅದೂ ಇಲ್ಲ.

ಕಂಪೆನಿಗಳ ಬಾಗಿಲು ತಟ್ಟುವುದೇ ಸರಿಯಾದ ದಾರಿ, ಆದರೆ ಒಂದೊಂದು ಕಡೆ ಒಂದೊಂದು ಕ್ರಮ. ಡೆಲ್‌ನಲ್ಲಿ ಪಾಸ್‌ವರ್ಡ್ ಕೇಳುವ ಸ್ಕ್ರೀನಿನಲ್ಲೇ 7 ಅಕ್ಷರದ ಸರ್ವಿಸ್ ಟ್ಯಾಗ್, ಅದರ ಮುಂದೆ ಅಡ್ಡಗೆರೆ ಹಾಕಿ ಇನ್ನಷ್ಟು ಅಕ್ಷರ ಬರುತ್ತದೆ. ಅದರ ಫೋಟೊ ತೆಗೆದಿಟ್ಟುಕೊಂಡು ಡೆಲ್ ಸಪೋರ್ಟಿಗೆ ಹೇಳಬೇಕು. ಅವರು ನೋಡುವುದು ಆ ಟ್ಯಾಗ್ ಯಾರ ಹೆಸರಿನಲ್ಲಿದೆ ಎಂದು. ಮೊದಲಿನ ಮಾಲೀಕರ ಹೆಸರಿನಲ್ಲಿದ್ದರೆ ಮೊದಲು ಡೆಲ್ ವೆಬ್‌ಸೈಟಿನಲ್ಲಿ ಮಾಲೀಕತ್ವ ವರ್ಗಾವಣೆ ಮಾಡಿಸಬೇಕು. ದುಬೈಯಲ್ಲಿ ಕೊಂಡ ಲ್ಯಾಪ್‌ಟಾಪ್ ಆದರೆ ಅಲ್ಲಿನ ಬಿಲ್ಲಿನ ಫೋಟೊ ವಾಟ್ಸ್ಆ್ಯಪ್‌ನಲ್ಲಾದರೂ ತರಿಸಿಕೊಳ್ಳುವುದು ಇದಕ್ಕಾಗಿಯೇ.

ಲೆನೊವೊ ಥಿಂಕ್‌ಪ್ಯಾಡ್ ವಿಷಯದಲ್ಲಿ ಕಠಿಣ. ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಅದನ್ನು ತೆಗೆಯುವ ವಿಧಾನವೇ ಇಲ್ಲ, ಖರೀದಿ ದಾಖಲೆ ತೋರಿಸಿ, ಚಾರ್ಜ್ ಕೊಟ್ಟು ಮದರ್‌ಬೋರ್ಡ್ ಬದಲಿಸಬೇಕು ಎನ್ನುತ್ತದೆ ಕಂಪೆನಿ. ಎಚ್‌ಪಿ, ಏಸರ್‌ನ ಕೆಲವು ಮನೆಬಳಕೆಯ ಮಾಡೆಲ್‌ಗಳು ಮೂರು ಸಲ ತಪ್ಪಿದ ಮೇಲೆ ಒಂದು ಕೋಡ್ ತೋರಿಸುತ್ತವೆ. ಅದನ್ನು ಸರ್ವಿಸ್ ಸೆಂಟರಿಗೆ ಕೊಟ್ಟು ಕೇಳಬೇಕು. ಇಂಟೆಲ್ ಚಿಪ್ಪಿನ ಮ್ಯಾಕ್‌ಬುಕ್‌ಗೆ ಫರ್ಮ್‌ವೇರ್ ಪಾಸ್‌ವರ್ಡ್ ಇದ್ದರೆ ಮೂಲ ಬಿಲ್ ಹಿಡಿದು ಆ್ಯಪಲ್‌ನ ಅಧಿಕೃತ ಸರ್ವಿಸಿಗೇ ಹೋಗಬೇಕು. 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಗಳಲ್ಲಿ ಈ ಪಾಸ್‌ವರ್ಡೇ ಇಲ್ಲ, ಆದರೆ ಆ್ಯಕ್ಟಿವೇಶನ್ ಲಾಕ್ ಇದೆ. ಹಳೆ ಮಾಲೀಕರ ಆ್ಯಪಲ್ ಅಕೌಂಟಿನಿಂದ ಬಿಡಿಸದೆ ಅದು ಹೊಸಬರ ಕೈಗೆ ಬರುವುದಿಲ್ಲ.

ಲೋಕಲ್ ರಿಪೇರಿ ಅಂಗಡಿಗಳು ಮಾಡುವುದು ಬೇರೆ ಕೆಲಸ. ಬಯೋಸ್ ಚಿಪ್ ಹೆಚ್ಚಾಗಿ 8 ಕಾಲಿನದ್ದು. ಅದಕ್ಕೆ ಕ್ಲಿಪ್ ಹಾಕಿ, ಇಲ್ಲವೇ ಬಿಸಿ ಮಾಡಿ ಕಳಚಿ, ಪ್ರೋಗ್ರಾಮರ್ ಎಂಬ ಸಾಧನದಿಂದ ಒಳಗಿರುವುದನ್ನು ಓದಿ, ತಿದ್ದಿ ಪುನಃ ಬರೆಯುತ್ತಾರೆ. ಕೈ ಪಳಗಿದವರು ಮಾಡಿದರೆ ಸರಿ. ಇಲ್ಲದಿದ್ದರೆ ನಷ್ಟದ ಲೆಕ್ಕ ದೊಡ್ಡದು. ಆ ಚಿಪ್‌ನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಇರುತ್ತದೆ. ವಿಂಡೋಸ್ 8ರಿಂದ ಈಚೆಗೆ ಕಂಪೆನಿಯೇ ಹಾಕಿಕೊಟ್ಟ ವಿಂಡೋಸಿನ ಲೈಸೆನ್ಸ್ ಕೀ ಕೂಡ ಅಲ್ಲಿಯೇ. ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಫೈಲ್ ತುಂಬಿದರೆ ಪಾಸ್‌ವರ್ಡಿನ ಒಟ್ಟಿಗೆ ಇವೂ ಹೋಗುತ್ತವೆ. ಅಗ್ಗದ ಕೆಲವು ಪ್ರೋಗ್ರಾಮರ್‌ಗಳು 3.3 ವೋಲ್ಟಿನ ಚಿಪ್‌ಗೆ 5 ವೋಲ್ಟ್ ಕೊಟ್ಟು ಸುಡುವುದೂ ಇದೆ. ಹೊಸ ಮಾಡೆಲ್‌ಗಳಲ್ಲಿ ಬರೀ 1.8 ವೋಲ್ಟಿನ ಚಿಪ್ ಇರುತ್ತದೆ. ಹಾಗಾಗಿ ಅಂಗಡಿಯವರಲ್ಲಿ ಕೇಳಬೇಕಾದದ್ದು ಒಂದೇ: ಕೈ ಹಾಕುವ ಮೊದಲು ಈಗಿರುವ ಫೈಲಿನ ಬ್ಯಾಕಪ್ ತೆಗೆದಿಡುತ್ತೀರಾ? ಉತ್ತರ ಗಟ್ಟಿಯಾಗಿ ಬರದಿದ್ದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬರುವುದೇ ಲೇಸು.

ಬೋರ್ಡ್ ಅಥವಾ ಚಿಪ್ ಮುಟ್ಟುವ ಮೊದಲು ಇನ್ನೊಂದು ಎಚ್ಚರ. ವಿಂಡೋಸ್ 11ರ ಹಲವು ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದಾಗ ಡಿಸ್ಕ್ ತನ್ನಷ್ಟಕ್ಕೇ ಬಿಟ್‌ಲಾಕರ್ ಎನ್‌ಕ್ರಿಪ್ಶನ್‌ಗೆ ಹೋಗಿರುತ್ತದೆ. ಬೋರ್ಡ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀಯನ್ನು ಮೈಕ್ರೋಸಾಫ್ಟ್ ಅಕೌಂಟಿನಿಂದ ಮೊದಲೇ ಬರೆದಿಟ್ಟುಕೊಳ್ಳಬೇಕು, ಮುಖ್ಯ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಬೇಕು.

ಇಷ್ಟೆಲ್ಲ ಬೇಕಾ ಎಂಬ ಪ್ರಶ್ನೆಯೂ ಇದೆ. ಬೀಗ ಸೆಟಪ್‌ಗೆ ಮಾತ್ರ ಇದ್ದು, ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿದ್ದರೆ, ಟ್ಯಾಲಿ, ಆನ್‌ಲೈನ್ ಕ್ಲಾಸ್, ಬ್ರೌಸಿಂಗ್ ಮಾಡುವವರಿಗೆ ಅದು ಅಡ್ಡಿಯೇ ಅಲ್ಲ. ವಿಂಡೋಸನ್ನು ಅದರ ಸೆಟ್ಟಿಂಗ್ಸ್ ಒಳಗಿನ ರೀಸೆಟ್ ಮೂಲಕವೇ ಹೊಸದಾಗಿ ಹಾಕಬಹುದು. 12 ಸಾವಿರಕ್ಕೆ ಕೊಂಡ ಲ್ಯಾಪ್‌ಟಾಪಿಗೆ 8 ಸಾವಿರದ ಬೋರ್ಡ್ ಹಾಕುವುದಕ್ಕಿಂತ ಬಿಟ್ಟುಬಿಡುವುದೇ ವ್ಯಾಪಾರದ ಲೆಕ್ಕದಲ್ಲಿ ಸರಿ. ಬೂಟ್ ಕ್ರಮ, ವರ್ಚುವಲೈಸೇಶನ್ ಬದಲಿಸಲೇಬೇಕಾದ ಎಂಜಿನಿಯರಿಂಗ್ ಹುಡುಗರಿಗೆ ಮಾತ್ರ ಇದು ನಿಜವಾದ ಕೊರತೆ.

ಎಲ್ಲಕ್ಕಿಂತ ಭಾರದ ಮಾತು ಬೇರೆ. ಪಾಸ್‌ವರ್ಡ್ ಇರುವ ಲ್ಯಾಪ್‌ಟಾಪ್ ಎಲ್ಲವೂ ಕಳವಿನ ಮಾಲಲ್ಲ. ಆದರೆ ಕಳವಿನ ಮಾಲಿನಲ್ಲಿ ಪಾಸ್‌ವರ್ಡ್ ಇರುವ ಸಾಧ್ಯತೆ ಇದ್ದೇ ಇದೆ. ಕಳವಿನದ್ದೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಳ್ಳುವುದು ಅಪರಾಧ. ಮೊದಲು ಐಪಿಸಿ 411ರಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿದೆ. 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಬಿಲ್ಲಿಲ್ಲದೆ, ಪೇಟೆ ರೇಟಿನ ಕಾಲು ಭಾಗಕ್ಕೆ ಕೊಂಡ ಹುಡುಗ ಪೊಲೀಸರ ಮುಂದೆ "ಗೊತ್ತಿರಲಿಲ್ಲ" ಎಂದರೆ ನಂಬಿಸುವುದು ಸುಲಭವಲ್ಲ. ಡೆಲ್, ಎಚ್‌ಪಿ, ಲೆನೊವೊದ ಅನೇಕ ಮಾಡೆಲ್‌ಗಳ ಫರ್ಮ್‌ವೇರ್‌ನಲ್ಲಿ ಅಬ್ಸಲ್ಯೂಟ್ ಎಂಬ ಪತ್ತೆ ವ್ಯವಸ್ಥೆಯ ತುಣುಕೂ ಇರುತ್ತದೆ. ಕಂಪೆನಿ ಅದನ್ನು ಆನ್ ಮಾಡಿದ್ದರೆ ಫಾರ್ಮ್ಯಾಟ್ ಮಾಡಿದ ಮೇಲೂ ಅದು ಪುನಃ ಎದ್ದು ಬರುತ್ತದೆ.

ಕೊಳ್ಳುವಾಗಲೇ ಐದು ನಿಮಿಷ ಕೊಟ್ಟರೆ ಇದರಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಹಣ ಎಣಿಸುವ ಮೊದಲು ಲ್ಯಾಪ್‌ಟಾಪ್ ಆಫ್ ಮಾಡಿಸಿ, ಆನ್ ಮಾಡಿ, ಸೆಟಪ್ ಒಳಗೆ ಹೋಗಿ ನೋಡಬೇಕು. ಡೆಲ್, ಏಸರ್‌ಗೆ ಎಫ್2, ಎಚ್‌ಪಿಗೆ ಎಫ್10, ಥಿಂಕ್‌ಪ್ಯಾಡ್‌ಗೆ ಎಫ್1. ಕೆಲವು ಲ್ಯಾಪ್‌ಟಾಪ್ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬಿಡುತ್ತವೆ, ಬದಲಿಸಲು ಮಾತ್ರ ಬಿಡುವುದಿಲ್ಲ. ಆದ್ದರಿಂದ ಬೂಟ್ ಕ್ರಮ ಬದಲಿಸಿ ಸೇವ್ ಆಗುತ್ತದಾ ಎಂದೂ ನೋಡಬೇಕು. ಕೆಳಗಿನ ಸ್ಟಿಕ್ಕರಿನ ಸೀರಿಯಲ್ ನಂಬರ್ ಮತ್ತು ಸೆಟಪ್‌ನಲ್ಲಿ ಕಾಣುವ ನಂಬರ್ ಒಂದೇ ಆಗಿರಬೇಕು. ಅದೇ ನಂಬರನ್ನು ಬಿಲ್ಲಿನಲ್ಲಿ ಬರೆಸಬೇಕು, ಮಾರುವವರು ಪರಿಚಯದವರಾದರೂ ಸರಿ. ವಿಂಡೋಸ್ ಹೊಸದಾಗಿ ಹಾಕಿ ನೆಟ್‌ಗೆ ಜೋಡಿಸಿದಾಗ ಯಾವುದೋ ಕಂಪೆನಿಯ ಹೆಸರಿನ ಲಾಗಿನ್ ಪೇಜ್ ಬಂದರೆ ಆ ಲ್ಯಾಪ್‌ಟಾಪ್ ಇನ್ನೂ ಆ ಕಂಪೆನಿಯ ಪಟ್ಟಿಯಲ್ಲಿದೆ ಎಂದು ಅರ್ಥ. ಅಂಥದ್ದನ್ನು ಅದೇ ದಿನ ವಾಪಸ್ ಕೊಡುವುದು ಒಳ್ಳೆಯದು.

ಮಾರುವವರದ್ದೂ ಒಂದು ಕೆಲಸವಿದೆ. ಸೆಟಪ್‌ಗೆ ಹೋಗಿ ಸೆಕ್ಯುರಿಟಿ ಪುಟದಲ್ಲಿ ಹಳೆ ಪಾಸ್‌ವರ್ಡ್ ಕೊಟ್ಟು, ಹೊಸದು ಕೇಳುವಲ್ಲಿ ಖಾಲಿ ಬಿಟ್ಟು ಎರಡು ಸಲ ಎಂಟರ್ ಒತ್ತಿದರೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದು ಅಳಿದು ಹೋಗುತ್ತದೆ. ಹಾರ್ಡ್‌ಡಿಸ್ಕ್ ಪಾಸ್‌ವರ್ಡ್ ಇದ್ದರೆ ಅದನ್ನೂ ಬೇರೆಯಾಗಿ ತೆಗೆಯಬೇಕು. ಆಮೇಲೆ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಕೊಳ್ಳುವವರ ಎದುರೇ ಸೆಟಪ್ ತೆರೆದು ತೋರಿಸಬೇಕು.