ಹೊಯ್ಗೆ ತೂತಿನೊಳಗೆ ಯಾರಿದ್ದಾರೆ? ನಮ್ಮ ಬೀಚಿನ ಏಡಿಗಳ ಪೂರ್ತಿ ವಿವರ ಇಲ್ಲಿದೆ

ಹೊನ್ನಾವರ: ಸಂಜೆ ಹೊತ್ತು ಕಾಸರಕೋಡ ಬೀಚಿಗೆ ಹೋದವರು ನೋಡಿಯೇ ಇರ್ತಾರೆ. ಕಾಲ ಸಪ್ಪಳ ಆಗಿದ್ದೇ ತಡ, ಹೊಯ್ಗೆ ಬಣ್ಣದ್ದೇ ಏನೋ ಒಂದು ಅಡ್ಡಡ್ಡ ಓಡಿ ತೂತಿನೊಳಗೆ ಮಾಯ. ಮಕ್ಕಳು ಕೋಲು ಹಾಕಿ ಕೆದಕ್ತಾರೆ, ಸಿಗೋದಿಲ್ಲ.

ಕನ್ನಡದಲ್ಲಿ ಏಡಿ, ಕೊಂಕಣಿಯಲ್ಲಿ ಕುರ್ಲಿ, ತುಳು ಸೀಮೆಗೆ ಹೋದರೆ ಡೆಂಜಿ. ಆದರೆ ಇದು ಮೀನು ಮಾರ್ಕೆಟ್ಟಿಗೆ ಬರುವ ಏಡಿ ಅಲ್ಲ. ಇಂಗ್ಲಿಷಿನಲ್ಲಿ ಘೋಸ್ಟ್ ಕ್ರ್ಯಾಬ್, ಅಂದರೆ ದೆವ್ವ ಏಡಿ. ವಿಜ್ಞಾನದವರು ಇಟ್ಟ ಕುಲದ ಹೆಸರು ಓಸಿಪೋಡ್. ಇವುಗಳಲ್ಲಿ ಒಂದು ಜಾತಿಗೆ ಕಣ್ಣಿನ ಮೇಲೆ ಕೊಂಬಿನ ಹಾಗೆ ಚೂಪು ಇರುತ್ತದೆ. ಮರಿಗಳಿಗೆ ಕೊಂಬಿಲ್ಲ, ಬೆಳೀತಾ ಬೆಳೀತಾ ಬರ್ತದೆ.

ಕಡಲಲ್ಲಿ ಹುಟ್ಟಿ, ಕಡಲಲ್ಲೇ ಮುಳುಗುವ ಜೀವ

ವಿಚಿತ್ರ ಅಂದ್ರೆ ಇದೇ. ದೆವ್ವ ಏಡಿಯನ್ನು ಬಹಳ ಹೊತ್ತು ನೀರೊಳಗೆ ಇಟ್ಟರೆ ಉಸಿರು ಕಟ್ಟಿ ಸಾಯುತ್ತದೆ. ಹಾಗಂತ ಪೂರ್ತಿ ಒಣಗಿದರೂ ಬದುಕುವುದಿಲ್ಲ. ಅದರ ಕಿವಿರು ಯಾವಾಗಲೂ ಒದ್ದೆ ಇರಬೇಕು. ಕಾಲಿನ ಬುಡದಲ್ಲಿ ಇರುವ ಕೂದಲಿನ ಗೊಂಚಲಿನಿಂದ ಹಸಿ ಹೊಯ್ಗೆಯ ನೀರನ್ನು ಬತ್ತಿ ಎಣ್ಣೆ ಹೀರಿದ ಹಾಗೆ ಹೀರಿಕೊಳ್ಳುತ್ತದೆ.

ಮೊಟ್ಟೆ ಮಾತ್ರ ಕಡಲಿಗೇ ಸೇರಬೇಕು. ಹೆಣ್ಣು ಏಡಿ ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತುಕೊಂಡು ತಿರುಗಿ, ಒಡೆಯುವ ಹೊತ್ತಿಗೆ ತೆರೆಯ ಅಂಚಿಗೆ ಬಂದು ಬಿಡುತ್ತದೆ. ಹೊರಬಂದ ಮರಿ ಏಡಿಯ ಹಾಗೆ ಕಾಣುವುದೇ ಇಲ್ಲ. ಜೋಯಿಯಾ ಅಂತ ಕರೆಯುವ ಈ ಚುಕ್ಕಿಯಂಥ ಜೀವ ವಾರಗಟ್ಟಲೆ ಕಡಲಲ್ಲಿ ತೇಲಿ, ಹಲವು ಸಲ ಪೊರೆ ಕಳಚಿ, ಮೆಗಲೋಪಾ ಆಗಿ ದಡಕ್ಕೆ ಬರುತ್ತದೆ. ನಡುವೆ ಮೀನಿನ ಬಾಯಿಗೆ ಹೋಗುವುದೇ ಹೆಚ್ಚು. ದಡಕ್ಕೆ ಬಂದಾಗ ಅಲ್ಲಿ ಹೊಯ್ಗೆ ಇರಬೇಕು, ಅಷ್ಟೇ ಅದರ ಲೆಕ್ಕ.

ತೂತು ನೋಡಿ ವಯಸ್ಸು ಹೇಳಬಹುದು

ನೀರಿನ ಹತ್ತಿರ ಇರುವ ಸಣ್ಣ ತೂತುಗಳು ಹೆಚ್ಚಾಗಿ ಮರಿಗಳದ್ದು. ಸಣ್ಣ ಮೈ ಬೇಗ ಒಣಗುತ್ತದೆ, ಆಳ ತೋಡುವ ಶಕ್ತಿಯೂ ಇಲ್ಲ. ದೊಡ್ಡವು ಮೇಲೆ, ಬಳ್ಳಿ ಹಬ್ಬಿದ ದಿಬ್ಬದ ತನಕ ಹೋಗ್ತವೆ. ಮೇಲೆ ಹೋದಷ್ಟೂ ಹಸಿ ಹೊಯ್ಗೆ ಕೆಳಗೆ ಸಿಗುವುದರಿಂದ ಆಳವೂ ಹೆಚ್ಚು. ಒಂದು ಮೀಟರ್ ದಾಟುವ ಬಿಲಗಳೂ ಇವೆ. ಮೇಲೆ ಕಾಲಿಡಲಾಗದ ಬಿಸಿಲಿದ್ದರೂ ಒಳಗೆ ತಂಪು. ಅದಕ್ಕೇ ಹಗಲು ಒಳಗೆ, ರಾತ್ರಿ ಹೊರಗೆ.

ಮರಿಗಳ ಬಣ್ಣ ಹಗಲು ತೆಳು, ರಾತ್ರಿ ಗಾಢ ಆಗುತ್ತದೆ ಅಂತ ಸಿಂಗಾಪುರದಲ್ಲಿ ನಡೆದ ಅಧ್ಯಯನದಲ್ಲಿ ಗೊತ್ತಾಗಿದೆ. ಹಗಲು ಹೊಯ್ಗೆಯಲ್ಲಿ ಕಾಗೆ ಕಣ್ಣಿಗೆ ಬೀಳದಿರಲು ತೆಳು ಬಣ್ಣವೇ ಒಳ್ಳೆಯದಲ್ವಾ.

ಇಳಿತದ ಹೊತ್ತಿಗೆ ರಂಗೋಲಿ ಚುಕ್ಕಿಯ ಹಾಗೆ ಹೊಯ್ಗೆ ಗುಂಡುಗಳನ್ನು ಸುತ್ತಲೂ ಹಾಕಿರುತ್ತದಲ್ಲ, ಅದು ಬೇರೆ, ಉದ್ದಿನ ಕಾಳಿನ ಆಸುಪಾಸಿನ ಸಣ್ಣ ಏಡಿ. ಹೊಯ್ಗೆಯಲ್ಲಿರುವ ಆಹಾರ ತಿಂದು ಉಳಿದದ್ದನ್ನು ಗುಂಡು ಮಾಡಿ ಬಿಡುತ್ತದೆ. ಇನ್ನು ತೆರೆ ಬಡಿಯುವ ಜಾಗದಲ್ಲೇ ಹೂತುಕೊಂಡಿರುವ ಎಮೆರಿಟಾ ನಿಜವಾದ ಏಡಿ ಅಲ್ಲ, ಶಂಖದೊಳಗಿನ ಸನ್ಯಾಸಿ ಏಡಿಯ ಕಡೆಯ ನಂಟ. ಇದಕ್ಕೆ ದಪ್ಪ ಹೊಯ್ಗೆಯ ಕಡಿದಾದ ದಡ ಕಷ್ಟ. ತೆರೆ ಜೋರಾಗಿ ಎಳೆಯುತ್ತದೆ, ಮತ್ತೆ ಮತ್ತೆ ಹೂತುಕೊಳ್ಳುವುದರಲ್ಲೇ ಶಕ್ತಿ ಹೋಗುತ್ತದೆ. ಉರುಗ್ವೆ ದೇಶದಲ್ಲಿ ಎರಡು ನಮೂನೆಯ ಬೀಚುಗಳನ್ನು ಹೋಲಿಸಿದಾಗ ಸಪಾಟು, ನುಣ್ಣನೆ ಹೊಯ್ಗೆಯ ಬೀಚಿನಲ್ಲೇ ಇವು ಹೆಚ್ಚು ಸಿಕ್ಕಿದ್ದವು. ದೆವ್ವ ಏಡಿ ತೆರೆಗೆ ಸಿಗದಷ್ಟು ಮೇಲಿರುವುದರಿಂದ ಅದಕ್ಕೆ ಈ ತಾಪತ್ರಯ ಕಡಿಮೆ.

ಮಳೆಗಾಲ, ಕಲ್ಲಿನ ಗೋಡೆ

ಜೂನ್‌ನಿಂದ ಕಡಲು ಹೊಯ್ಗೆ ಎಳೆದುಕೊಂಡು ಹೋಗುತ್ತದೆ, ಮಳೆ ಮುಗಿದ ಮೇಲೆ ತಂದು ಹಾಕುತ್ತದೆ. ಏಡಿಗಳು ಮೇಲಕ್ಕೆ ಸರಿದು ಇದನ್ನು ತಡೆದುಕೊಳ್ಳುತ್ತವೆ. ಆದರೆ ಮೇಲೆ ಸರಿಯಲು ಜಾಗ ಬೇಕು. ಕೊರೆತ ತಡೆಯಲು ಬಂಡೆಗಲ್ಲು ಸುರಿದ ಕಡೆ ಆ ಜಾಗವೇ ಇಲ್ಲ. ಮನೆ ಉಳಿಸಿಕೊಳ್ಳಲು ಕಲ್ಲು ಕೇಳುವವರದ್ದು ತಪ್ಪು ಅಂತ ಹೇಳಲಾಗದು. ಆದರೆ ಗೋಡೆಗೆ ಬಡಿದ ತೆರೆ ಮುಂದಿನ ಹೊಯ್ಗೆಯನ್ನೂ ಕೆರೆದುಕೊಂಡು ಹೋಗುತ್ತದೆ ಅನ್ನುವುದೂ ಸುಳ್ಳಲ್ಲ. ಬೀಚು ಹೋದರೆ ಏಡಿಯ ಜೊತೆ ಎಳನೀರು, ಚುರುಮುರಿ ಅಂಗಡಿಯವರ ಗಿರಾಕಿಯೂ ಹೋಗ್ತಾರೆ.

ಬೀಚ್ ಮೇಲೆ ಜೀಪು, ಬೈಕು ಓಡಿಸುವುದು ಇನ್ನೊಂದು ಕಾಟ. ಹಗಲು ಆಳದಲ್ಲಿರುವ ದೊಡ್ಡವು ಬಚಾವು, ಮೇಲ್ಮೈ ಹತ್ತಿರದ ಮರಿಗಳು ಅಪ್ಪಚ್ಚಿ. ರಾತ್ರಿ ಓಡಿಸಿದರೆ ಎಲ್ಲವೂ ಚಕ್ರದಡಿ.

ಏಡಿ ಹೆಚ್ಚಾದ್ರೆ ಒಳ್ಳೆಯದೇ ಅಂತಲೂ ಅಲ್ಲ. ಮೀನಿನ ತ್ಯಾಜ್ಯ, ತಿಂಡಿ ಚೂರು ಎಸೆದ ಕಡೆ ಇವು ಗುಂಪು ಸೇರಬಹುದು. ಇವೇ ಕಡಲಾಮೆಯ ಮೊಟ್ಟೆ, ಮರಿಗಳನ್ನೂ ತಿನ್ನುತ್ತವೆ. ನಮ್ಮ ದಡಕ್ಕೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಆಮೆ 1972ರ ವನ್ಯಜೀವಿ ಕಾಯ್ದೆಯಡಿ ಮೊದಲ ಪಟ್ಟಿಯಲ್ಲಿದೆ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಎಣಿಸುವುದು ಹೇಗೆ?

ಬೀಚಿನ ಸ್ಥಿತಿ ತಿಳಿಯಲು ಹಲವು ದೇಶಗಳಲ್ಲಿ ದೆವ್ವ ಏಡಿಯ ತೂತು ಎಣಿಸ್ತಾರೆ. ಖರ್ಚಿಲ್ಲದ ಕೆಲಸ. ಬೆಳಿಗ್ಗೆ ಜನ ಬರುವ ಮುಂಚೆ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗ ಗುರುತು ಮಾಡಿ, ಬಾಯಲ್ಲಿ ಹೊಸ ಹೊಯ್ಗೆ ಅಥವಾ ಕಾಲಿನ ಗೀರು ಇರುವ ತೂತು ಮಾತ್ರ ಲೆಕ್ಕ ಹಾಕಬೇಕು. ಪ್ರವಾಸಿಗರು ತುಳಿಯುವ ಕಡೆ ಒಂದು, ಜನ ಹೋಗದ ಕಡೆ ಇನ್ನೊಂದು. ಪ್ರತಿ ತಿಂಗಳೂ ಹುಣ್ಣಿಮೆಯಾದ ಇಷ್ಟನೇ ದಿನ ಅಂತ ಇಟ್ಟುಕೊಂಡರೆ ಭರತ–ಇಳಿತದ ವ್ಯತ್ಯಾಸ ಲೆಕ್ಕ ಕೆಡಿಸುವುದಿಲ್ಲ.