ಪ್ಯಾರಿಸ್ಸಿನಲ್ಲಿ ಹಾಸಿದ ದಸ್ತರ್‌ಖಾನ್

ಉರ್ದುವಿನಲ್ಲಿ ‘ಗುರ್ಬತ್’ ಎಂಬ ಪದವೊಂದಿದೆ. ಅರಬಿಯಿಂದ ಬಂದ ಈ ಪದಕ್ಕೆ ಎರಡು ಅರ್ಥ. ಊರು ಬಿಟ್ಟು ಪರಸ್ಥಳದಲ್ಲಿರುವುದು ಒಂದು, ಬಡತನ ಇನ್ನೊಂದು. ಗರೀಬ ಎಂದರೆ ನಾವು ಬಡವ ಎಂದುಕೊಳ್ಳುತ್ತೇವೆ. ಮೂಲದಲ್ಲಿ ಅವನು ಅಪರಿಚಿತ ಊರಿಗೆ ಬಂದು ನಿಂತವನು. ಕನ್ನಡದ ‘ಪರದೇಶಿ’ಯ ಕತೆಯೂ ಇದೇ. ಹೆತ್ತವರಿಲ್ಲದ ಮಗುವನ್ನು ಕಂಡು ನಮ್ಮ ಹಳ್ಳಿಯ ಹೆಂಗಸರು ‘ಪಾಪ, ಪರದೇಶಿ’ ಎನ್ನುತ್ತಾರೆ. ಆ ಮಗು ಯಾವ ದೇಶಕ್ಕೂ ಹೋಗಿಲ್ಲ. ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸುವವರು ಅದಕ್ಕಿಲ್ಲ, ಅಷ್ಟೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಪರಸ್ಥಳದ ವಾಸವನ್ನೂ ದಿಕ್ಕಿಲ್ಲದಿರುವುದನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದ್ದು ಆಕಸ್ಮಿಕವಿರಲಾರದು.

ಮೈಸೂರು ಸೀಮೆಯ ಜನ ದೂರದೇಶಕ್ಕೆ ಹೋಗಿ ಏನು ಉಂಡರು, ಯಾರ ಜೊತೆ ಕೂತು ಉಂಡರು ಎಂಬುದನ್ನು ನಮ್ಮ ಚರಿತ್ರೆಕಾರರು ಬರೆದದ್ದು ಕಡಿಮೆ. ಅವರಿಗೆ ಕರಾರು, ಯುದ್ಧ, ಕಪ್ಪಕಾಣಿಕೆಗಳ ಲೆಕ್ಕವೇ ಮುಖ್ಯ. ಆದರೆ ಒಂದು ಊಟದ ವಿವರ ಮಾತ್ರ ಹೇಗೋ ಉಳಿದುಬಂದಿದೆ. ಅದು ನಡೆದದ್ದು 1788ರಲ್ಲಿ, ಪ್ಯಾರಿಸ್ ನಗರದಲ್ಲಿ.

ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ಮೂವರು ರಾಯಭಾರಿಗಳನ್ನು ಕಳಿಸಿದ್ದ. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. 1787ರ ಜುಲೈಯಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದವರು ಮಾರಿಷಸ್ ಮುಟ್ಟಿ, ಆಫ್ರಿಕದ ತುದಿಯನ್ನು ಬಳಸಿ, 1788ರ ಜೂನ್‌ನಲ್ಲಿ ಫ್ರಾನ್ಸಿನ ತುಲೋನ್ ಬಂದರಿನಲ್ಲಿ ಇಳಿದರು. ಹತ್ತಿರಹತ್ತಿರ ಒಂದು ವರ್ಷದ ಪ್ರಯಾಣ. ಜೊತೆಗೆ ಸೇವಕರು, ಅಡುಗೆಯವರು ಎಲ್ಲ ಸೇರಿದ ದೊಡ್ಡ ಪರಿವಾರ. ಜುಲೈಯಲ್ಲಿ ಪ್ಯಾರಿಸ್ ಸೇರಿ, ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆಯ ಮುಂದೆ ನಿಂತರು. ಕೇಳಿದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಅದು ಸಿಗಲಿಲ್ಲ. ಫ್ರಾನ್ಸಿನ ಬೊಕ್ಕಸ ಆಗಲೇ ಬರಿದಾಗಿತ್ತು. ಸಿಕ್ಕಿದ್ದು ಕೆಲವು ಕುಶಲಕರ್ಮಿಗಳು, ಸೇವ್ರ್ ಕಾರ್ಖಾನೆಯ ಪಿಂಗಾಣಿಯ ಉಡುಗೊರೆಗಳು, ಬಹಳಷ್ಟು ಉಪಚಾರದ ಮಾತು.

ಆದರೆ ಆ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಬೀದಿಗೆ ಮೈಸೂರಿನವರೇ ಒಂದು ಜಾತ್ರೆಯಾದರು. ಅವರು ಸೇಂಟ್ ಕ್ಲೂ ಉದ್ಯಾನದಲ್ಲಿ ಅಡ್ಡಾಡಿದ್ದನ್ನು ಚಿತ್ರಗಾರನೊಬ್ಬ ಬರೆದಿಟ್ಟ. ನೋಡಲು ಮುಗಿಬಿದ್ದ ಜನರ ಗುಂಪು ಆ ಚಿತ್ರದಲ್ಲಿ ಅವರಿಗಿಂತ ಹೆಚ್ಚು ಜಾಗ ಹಿಡಿದಿದೆ. ಅವರ ಮುಖಗಳು ಕಾಫಿ ಬಟ್ಟಲುಗಳ ಮೇಲೂ ಬಂದವು. ಊಟಕ್ಕೆ ಕರೆಯುವ ಮೊದಲೇ ಊಟದ ಮೇಜಿನ ಮೇಲೆ ಅವರನ್ನು ಇಟ್ಟುಬಿಟ್ಟಿದ್ದರು ಎನ್ನಿ.

ಆ ಕಾಲದ ಪ್ರಸಿದ್ಧ ಚಿತ್ರಕಲಾವಿದೆ ಎಲಿಜಬೆತ್ ವಿಜೇ ಲ ಬ್ರುನ್ ಅವರನ್ನು ನಾಟಕಶಾಲೆಯಲ್ಲಿ ಕಂಡು, ಚಿತ್ರ ಬರೆಯಬೇಕೆಂದು ಆಸೆಪಟ್ಟಳು. ರಾಣಿ ಮರೀ ಆಂತ್ವಾನೆತ್‌ಳ ಚಿತ್ರಗಳನ್ನು ಬರೆದು ಹೆಸರಾದವಳು ಆಕೆ. ದೊರೆಯ ಕಡೆಯಿಂದ ಮಾತು ಬಂದರೆ ಮಾತ್ರ ಒಪ್ಪುತ್ತೇವೆಂದು ರಾಯಭಾರಿಗಳು ಹೇಳಿಕಳಿಸಿದರು. ದೊರೆಯ ಮಾತೂ ಬಂತು. ಆಕೆ ಅವರ ಬಿಡಾರಕ್ಕೆ ಹೋದಾಗ ಮೊದಲು ಕೈಗೆ ಪನ್ನೀರು ಎರೆದರು. ನಮ್ಮ ಮದುವೆ ಮನೆಗಳಲ್ಲಿ ಇಂದಿಗೂ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಲ್ಲುವ ಹುಡುಗಿಯರನ್ನು ಕಂಡವರಿಗೆ ಇದರ ಅರ್ಥ ಹೇಳಬೇಕಿಲ್ಲ. ದರ್ವೇಶ್ ಖಾನ್ ಖಡ್ಗ ಹಿಡಿದು, ಬಿಳಿ ಮಸ್ಲಿನ್ ಜಾಮ ತೊಟ್ಟು ನಿಂತ. ಆಕೆ ಬರೆದಳು.

ಚಿತ್ರ ಬರೆಸಿಕೊಂಡ ಮೇಲೆ ಊಟಕ್ಕೆ ಕರೆಯದೆ ಇರಲು ಅವರು ಮೈಸೂರಿನವರು ತಾನೆ! ಕಲಾವಿದೆಯನ್ನೂ ಆಕೆಯ ಗೆಳತಿ ಮದಾಮ್ ಬೊನ್ನೇಯನ್ನೂ ಕರೆದರು. ಹೆಂಗಸರು ಬಂದದ್ದು ಕುತೂಹಲಕ್ಕೆ. ಹಾಗೆಂದು ಕಲಾವಿದೆಯೇ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಊಟದ ಕೋಣೆಗೆ ಹೋದರೆ ನೆಲದ ಮೇಲೆ ಬಡಿಸಿದೆ. ಅಂದರೆ ದಸ್ತರ್‌ಖಾನ್ ಹಾಸಿದೆ. ಆಗಿನ ಪ್ಯಾರಿಸ್ಸಿನ ಶ್ರೀಮಂತ ಹೆಂಗಸರ ಘಾಗ್ರಾಗಳ ಅಗಲವನ್ನು ನೆನೆದರೆ, ನೆಲದ ಮೇಲೆ ಕೂರಲು ಅವರು ಪಟ್ಟ ಪಾಡು ಊಹೆಗೆ ಬರುತ್ತದೆ. ಬಟ್ಟಲುಗಳಲ್ಲಿ ಒಂದರಲ್ಲಿ ಕುರಿಯ ಕಾಲು, ಬಿಳಿಯ ರಸದಲ್ಲಿ ಬೆಂದದ್ದು, ಮಸಾಲೆ ಜೋರು. ಇನ್ನೊಂದರಲ್ಲಿ ಆಕೆಗೆ ಹೆಸರು ತಿಳಿಯದ ಮತ್ತೊಂದು ಬಗೆಯ ಮಾಂಸ. ಆತಿಥೇಯರು ತಮ್ಮ ಕೈಯಾರೆ ತೆಗೆದು ಅತಿಥಿಗಳಿಗೆ ಬಡಿಸಿದರು.

ಕುರಿಯ ಕಾಲಿನದು ಏನೆಂದು ನಾನು ಹೇಳಬಲ್ಲೆ. ಅದು ಪಾಯ. ಮಂಡಿಮೊಹಲ್ಲಾದ ಹೋಟೆಲುಗಳಲ್ಲಿ ಬೆಳಗಿನ ಹೊತ್ತು ರೊಟ್ಟಿಯ ಜೊತೆ ಬರುವ ಅದೇ ಪಾಯ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಿ, ತೆಂಗಿನ ಹಾಲನ್ನೋ ಗಸಗಸೆಯನ್ನೋ ಸೇರಿಸಿ ಬಿಳುಪಾಗಿಯೇ ಇಳಿಸುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಪ್ಯಾರಿಸ್ಸಿನಲ್ಲಿ ತೆಂಗು ಎಲ್ಲಿಂದ ಬರಬೇಕು? ಬಾವರ್ಚಿ ಬಾದಾಮಿಯಿಂದಲೋ ಮೊಸರಿನಿಂದಲೋ ನಿಭಾಯಿಸಿರಬೇಕು. ಅಲ್ಲಿನ ಕುರಿ, ಅಲ್ಲಿನ ನೀರು, ಊರಿನಿಂದ ಕಟ್ಟಿಕೊಂಡು ಬಂದ ಮೆಣಸು. ಪರದೇಶದ ಅಡುಗೆ ಯಾವತ್ತೂ ಹೀಗೆ ಅರ್ಧ ನೆನಪು, ಅರ್ಧ ಹೊಂದಾಣಿಕೆ.

ಇಲ್ಲೊಂದು ತಮಾಷೆಯಿದೆ. ‘ರೆಸ್ಟೋರೆಂಟ್’ ಎಂಬ ಪದ ಅದೇ ಪ್ಯಾರಿಸ್ಸಿನಲ್ಲಿ ಅದೇ ಕಾಲಕ್ಕೆ ಹೊಸ ಅರ್ಥ ಪಡೆಯುತ್ತಿತ್ತು. ಅದು ಮೊದಲು ಅಂಗಡಿಯ ಹೆಸರಾಗಿರಲಿಲ್ಲ. ಬಳಲಿದವರಿಗೆ ಕಸುವು ತುಂಬಲೆಂದು ಮಾಂಸ ಮೂಳೆ ಬೇಯಿಸಿ ಬಸಿದ ರಸಕ್ಕೆ ಆ ಹೆಸರು. 1760ರ ದಶಕದಿಂದೀಚೆಗೆ ಆ ರಸ ಮಾರುವ ಅಂಗಡಿಗಳು ತೆರೆದವು, ಬರಬರುತ್ತ ಅಂಗಡಿಗೇ ಆ ಹೆಸರು ಅಂಟಿತು. ನಮ್ಮಲ್ಲಿ ಬಾಣಂತಿಗೂ ಮೂಳೆ ಮುರಿದವರಿಗೂ ಕಾಲಿನ ಸೂಪು ಕುಡಿಸುವುದು ಯಾಕೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಅಂದು ಮೈಸೂರಿನವರು ಅವರ ಮುಂದಿಟ್ಟದ್ದು ಅವರದೇ ಭಾಷೆಯ ಹಳೆಯ ಅರ್ಥದಲ್ಲಿ ‘ರೆಸ್ಟೋರೆಂಟ್’!

ಅತಿಥಿಗಳಿಗೆ ಅದು ರುಚಿಸಲಿಲ್ಲ. ಮಸಾಲೆಗಿಂತ ಹೆಚ್ಚಾಗಿ ಆ ಕೈಗಳು ರುಚಿಸಲಿಲ್ಲ. ಕಂದುಬಣ್ಣದ ಕೈಗಳನ್ನು ಚಮಚದ ಹಾಗೆ ಬಳಸಿದ್ದು ತಮಗೆ ಹೇಸಿಗೆ ತಂದಿತೆಂದೂ, ಊಟ ಸಪ್ಪೆಯಾಯಿತೆಂದೂ ಆಕೆ ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾಳೆ. ಕೆಲವು ದಿನ ಮುಂಚೆ ಅದೇ ಕೈ ಖಡ್ಗದ ಮೇಲಿದ್ದಾಗ ಆಕೆ ಅದನ್ನು ಬಲು ಪ್ರೀತಿಯಿಂದ ಚಿತ್ರಿಸಿದ್ದಳು. ನಾನು ಆಕೆಯನ್ನು ಜರೆಯಲು ಹೋಗುವುದಿಲ್ಲ. ಒಬ್ಬರ ರೂಪು, ಉಡುಪು, ಸಂಗೀತ ಮೆಚ್ಚುವುದು ಸುಲಭ. ಅವರ ಕೈ ಮುಟ್ಟಿದ್ದನ್ನು ಉಣ್ಣುವುದು ಬೇರೆಯೇ ಸಂಗತಿ. ಈ ಪಾಠ ನಮಗೆ ಪ್ಯಾರಿಸ್ಸಿನಿಂದ ಬರಬೇಕಾಗಿಯೂ ಇಲ್ಲ. ‘ಬ್ರಾಹ್ಮಣರಿಗೆ ಮಾತ್ರ’ ಎಂದು ಬರೆದ ಒಳಕೋಣೆಗಳು ನಮ್ಮ ಸೀಮೆಯ ಹೋಟೆಲುಗಳಲ್ಲಿ ಕಳೆದ ಶತಮಾನದ ನಡುಭಾಗದ ತನಕ ಇದ್ದವು. ನಮ್ಮ ಸಿದ್ಧಾರ್ಥನಗರದಿಂದ ಒಂದು ನಡಿಗೆಯ ದೂರದಲ್ಲಿರುವ ಲಲಿತಮಹಲ್ ಅರಮನೆಗೆ 1921ರಲ್ಲಿ ಅಡಿಗಲ್ಲು ಬಿದ್ದದ್ದೇ ವೈಸರಾಯರಂಥ ಅತಿಥಿಗಳಿಗಾಗಿ. ಆ ಕಾಲದ ಔತಣಗಳಲ್ಲಿ ಸಂಪ್ರದಾಯಸ್ಥರಾದ ಮಹಾರಾಜರು ಬಿಳಿಯರ ಪಂಕ್ತಿಯಲ್ಲಿ ಉಣ್ಣುತ್ತಿರಲಿಲ್ಲ. ಊಟ ಮುಗಿದ ಮೇಲೆ ಬಂದು ಶುಭ ಕೋರುತ್ತಿದ್ದರು. ಗೌರವಕ್ಕೆ ಕೊರತೆಯಿರಲಿಲ್ಲ. ಎಲೆ ಮಾತ್ರ ಬೇರೆ.

ಮತ್ತೆ ಪ್ಯಾರಿಸ್ಸಿಗೆ ಬರೋಣ. ಚಿತ್ರ ಒಣಗಿದ ಮೇಲೆ ತರಿಸಿಕೊಳ್ಳಲು ಕಳಿಸಿದರೆ ದರ್ವೇಶ್ ಖಾನ್ ಅದನ್ನು ಹಾಸಿಗೆಯ ಹಿಂದೆ ಬಚ್ಚಿಟ್ಟಿದ್ದ, ಕೊಡಲೊಲ್ಲ. ಅದಕ್ಕಿನ್ನೂ ಜೀವ ತುಂಬಬೇಕು ಎಂಬುದು ಅವನ ಸಬೂಬು. ಕಲಾವಿದೆ ಉಪಾಯವಾಗಿ ಸಾಗಿಸಿಕೊಂಡಳು. ಸಿಟ್ಟಿಗೆದ್ದ ಖಾನ್ ತನ್ನ ಸೇವಕನನ್ನೇ ಕೊಂದುಬಿಡುತ್ತೇನೆ ಎಂದನಂತೆ. ಪ್ಯಾರಿಸ್ಸಿನಲ್ಲಿ ಸೇವಕರನ್ನು ಕೊಲ್ಲುವ ಪದ್ಧತಿಯಿಲ್ಲವೆಂದು ದುಭಾಷಿ ಸಮಾಧಾನ ಹೇಳಬೇಕಾಯಿತು. 1789ರಲ್ಲಿ ಆ ಚಿತ್ರ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ತೂಗಿತು. 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು ಸುಮಾರು 72 ಲಕ್ಷ ಡಾಲರಿಗೆ ಹೋಯಿತು.

ನನ್ನ ಮನಸ್ಸು ನಿಲ್ಲುವುದು ಹರಾಜಿನ ಲೆಕ್ಕದಲ್ಲಲ್ಲ. ರಾಯಭಾರಿಗಳ ಜೊತೆ ಒಬ್ಬ ಎಳೆಯ ಹುಡುಗನಿದ್ದ. ಅಲ್ಪಸ್ವಲ್ಪ ಫ್ರೆಂಚ್ ಕಲಿತಿದ್ದ. ಅತ್ತ ಚಿತ್ರ ಬರೆಯುವ ಕೆಲಸ ನಡೆಯುವಾಗ ಇತ್ತ ಮದಾಮ್ ಬೊನ್ನೇ ಅವನಿಗೆ ಫ್ರೆಂಚ್ ಹಾಡೊಂದನ್ನು ಕಲಿಸುತ್ತ ಕೂತಿದ್ದಳು. ಅವರು ಹೊರಡುವ ಹೊತ್ತಿಗೆ ಹೆಂಗಸರು ಬೀಳ್ಕೊಡಲು ಹೋದಾಗ ಹುಡುಗ ಆ ಹಾಡನ್ನು ಹಾಡಿ ತೋರಿಸಿದ. ಆಮೇಲೆ ಫ್ರೆಂಚಿನಲ್ಲಿ, ನಿಮ್ಮನ್ನು ಬಿಟ್ಟುಹೋಗಲು ಎದೆ ಅಳುತ್ತಿದೆ ಎಂಬರ್ಥದ ಮಾತು ಹೇಳಿದ. ಅವನ ಹೆಸರನ್ನು ಕಲಾವಿದೆ ಬರೆದಿಲ್ಲ. ಸೈನ್ಯ ಕೇಳಲು ಹೋದ ರಾಯಭಾರ ಬರಿಗೈಯಲ್ಲಿ ಬಂತು. ಸ್ನೇಹವೆಂದು ಕರೆಯಬಹುದಾದದ್ದು ಏನಾದರೂ ಗಿಟ್ಟಿದ್ದರೆ ಅದು ಈ ಹುಡುಗನಿಗೆ.

ಚಿತ್ರ ಪ್ರದರ್ಶನಗೊಂಡ ವರ್ಷವೇ ಕ್ರಾಂತಿಯಾಯಿತು. ರಾಣಿಯ ಕಡೆಯವಳೆಂದು ಹೆದರಿದ ವಿಜೇ ಲ ಬ್ರುನ್ ಆ ಅಕ್ಟೋಬರಿನಲ್ಲೇ ಮಗಳನ್ನು ಕಟ್ಟಿಕೊಂಡು ದೇಶ ಬಿಟ್ಟಳು. ರೋಮ್, ನೇಪಲ್ಸ್, ವಿಯೆನ್ನಾ, ಪೀಟರ್ಸ್‌ಬರ್ಗ್ ಎಂದು ಹನ್ನೆರಡು ವರ್ಷ ಅನ್ಯರ ಊರಿನಲ್ಲಿ, ಅನ್ಯರ ಊಟದ ಮೇಜಿನಲ್ಲಿ ಕಳೆದಳು. ಮೈಸೂರಿನವರ ಊಟದ ಬಗ್ಗೆ ಬರೆದದ್ದು ಅದೆಲ್ಲ ಮುಗಿದು, ಮುದಿವಯಸ್ಸಿನಲ್ಲಿ. ಹಾಗಿದ್ದರೂ ಆ ಹೇಸಿಗೆಯ ಸಾಲನ್ನು ಆಕೆ ಹೊಡೆದುಹಾಕಲಿಲ್ಲ, ಹುಡುಗನ ಮಾತನ್ನೂ ಮರೆಯಲಿಲ್ಲ.

ಟಿಪ್ಪು ತುರ್ಕಿಯ ಸುಲ್ತಾನನ ಬಳಿಗೂ ರಾಯಭಾರ ಕಳಿಸಿದ್ದ. 1786ರಲ್ಲಿ ಹೊರಟ ಆ ತಂಡ ಮಸ್ಕತ್, ಬಸ್ರಾ, ಬಾಗ್ದಾದ್ ದಾಟಿ ಇಸ್ತಾಂಬುಲ್ ಸೇರಿತು. ಗುಲಾಮ್ ಅಲಿ ಖಾನ್ ಮುಖ್ಯಸ್ಥ. ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿಯಲ್ಲಿ ಬರೆದಿಟ್ಟ ದಿನಚರಿಯಿದೆ, ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು ಸಂಪಾದಿಸಿ ಪ್ರಕಟಿಸಿದರು. ಅಲ್ಲಿ ಧರ್ಮ ಒಂದೇ, ಹಲಾಲಿನ ಚಿಂತೆಯಿಲ್ಲ, ನೆಲದ ಮೇಲಿನ ದಸ್ತರ್‌ಖಾನ್ ಯಾರಿಗೂ ವಿಚಿತ್ರವಲ್ಲ. ಆದರೂ ಚಳಿಗೆ, ರೋಗರುಜಿನಕ್ಕೆ ನೂರಾರು ಜನ ಸತ್ತರು. ಬದುಕಿ ಊರು ಸೇರಿದವರು ಕೆಲವೇ ಮಂದಿ. ಗುರ್ಬತ್ತಿಗೆ ಕಲಿಮೆ ಒಂದಾದರೆ ಸಾಲದು.

ಅಲ್ಲಿಂದ ನೂರೆಪ್ಪತ್ತು ವರ್ಷ ದಾಟಿ ಇನ್ನೊಬ್ಬ ಮೈಸೂರಿಗರನ್ನು ನೋಡಿ. 1956ರಲ್ಲಿ ಆರ್. ಕೆ. ನಾರಾಯಣ್ ರಾಕ್‌ಫೆಲರ್ ಸಂಸ್ಥೆಯ ನೆರವಿನಿಂದ ಅಮೆರಿಕಕ್ಕೆ ಹೋದರು. ಕಟ್ಟಾ ಸಸ್ಯಾಹಾರಿ. ಕಾಫಿ ಕರಿಯದೋ ಬಿಳಿಯದೋ ಎಂದು ಅಲ್ಲಿನವರು ಕೇಳಿದರೆ, ಎರಡೂ ಬೇಡ, ಕಂದುಬಣ್ಣದ್ದು ಬೇಕು ಎಂದು ಇವರು ಹಟ ಹಿಡಿಯುವ ಪ್ರಸಂಗ ಅವರ ಅಮೆರಿಕದ ದಿನಚರಿಯಲ್ಲಿ ಬರುತ್ತದೆ. ಬರ್ಕ್ಲಿಯ ಹೋಟೆಲ್ ಕೋಣೆಯಲ್ಲಿ ವಿದ್ಯುತ್ ಒಲೆಯಿಟ್ಟು ಅನ್ನ ತರಕಾರಿ ಬೇಯಿಸಿಕೊಳ್ಳುತ್ತ ‘ದಿ ಗೈಡ್’ ಬರೆದರು. ಉಪವಾಸ ಮಾಡಿ ಮಳೆ ತರಿಸಬೇಕಾದ ರಾಜುವಿನ ಕತೆ ಹುಟ್ಟಿದ್ದು ಅನ್ನಕ್ಕೆ ಪರದಾಡುತ್ತಿದ್ದವರ ಕೋಣೆಯಲ್ಲಿ! ಗೆಳೆಯರಿಗೆ ಅವರಲ್ಲಿ ಬರವಿರಲಿಲ್ಲ. ಗ್ರೆಟಾ ಗಾರ್ಬೊಳಂಥ ತಾರೆಯೂ ಮಾತಿಗೆ ಸಿಕ್ಕಳು. ಕರೆದವರ ಮನೆಗೆ ಅವರು ಹೋದರು, ಮೇಜಿಗೆ ಕೂತರು, ಸಿಕ್ಕಿದ ಸೊಪ್ಪು ಹಣ್ಣು ತಿಂದರು. ಬೇಡವಾದದ್ದನ್ನು ಬದಿಗಿಟ್ಟು ಪಂಕ್ತಿಯಲ್ಲಿ ಉಳಿಯುವುದು ಒಂದು ಕಲೆ. ಪಥ್ಯವಿರುವವರೆಲ್ಲ ಇದನ್ನು ಕಲಿಯಬೇಕಾಗುತ್ತದೆ, ಹಲಾಲ್ ಹುಡುಕುವ ನಾವೂ ಸೇರಿ.

1973ರ ನಂತರ ಎಣ್ಣೆಯ ಬೆಲೆ ಏರಿದಾಗ ಕೊಲ್ಲಿಗೆ ಹೋದ ನಮ್ಮ ಭಟ್ಕಳದ ನವಾಯತರಿಗೂ ಕರಾವಳಿಯ ಬ್ಯಾರಿಗಳಿಗೂ ಇಂಥ ದಿನಚರಿ ಬರೆಯಲು ಪುರುಸೊತ್ತಿರಲಿಲ್ಲ. ಒಂದು ಕೋಣೆಗೆ ಎಂಟು ಹತ್ತು ಜನ, ಸರದಿಯ ಅಡುಗೆ, ಶುಕ್ರವಾರ ನಮಾಜಿನ ನಂತರ ಮಲಬಾರಿ ಹೋಟೆಲಿನ ಬಿರಿಯಾನಿ. ಓದು ಬರದವರು ಮಾತನ್ನು ಕ್ಯಾಸೆಟ್ಟಿಗೆ ತುಂಬಿ ಊರಿಗೆ ಹೋಗುವವರ ಕೈಲಿ ಕಳಿಸುತ್ತಿದ್ದರು. ಊರಿನಿಂದ ಬರುವ ಗಂಟಿನಲ್ಲಿ ಉಪ್ಪಿನಕಾಯಿ, ಒಣಮೀನು. ಅದು ಕೋಣೆಗೆಲ್ಲ ಹಂಚಿಹೋಗುತ್ತಿತ್ತು. ಪೇಟೆಯ ಹೋಟೆಲಿನಲ್ಲಿ ಒಂದು ಚಹಾ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದುದು ಬಾಯಾರಿಕೆಗಲ್ಲ, ಬ್ಯಾರಿ ಮಾತೋ ಕನ್ನಡವೋ ಕಿವಿಗೆ ಬೀಳಲೆಂದು. ಊರವರ ಜಮಾಅತುಗಳು, ಕನ್ನಡ ಸಂಘಗಳು ಕಟ್ಟಿಕೊಂಡದ್ದು ಇಂಥ ಚಹಾದ ಮೇಜುಗಳ ಸುತ್ತಲೇ. ಹೆಣ ಊರಿಗೆ ಕಳಿಸಬೇಕಾಗಿ ಬಂದಾಗ ಮುಂದೆ ನಿಂತವರೂ ಅದೇ ಮೇಜಿನವರು.

ಈಗ ಇದೇ ಮೈಸೂರು ಇತರರಿಗೆ ಪರದೇಶ. ವಿಶ್ವವಿದ್ಯಾಲಯಕ್ಕೆ ಇರಾನ್, ಯೆಮನ್, ಅಫ್ಘಾನಿಸ್ತಾನ, ಆಫ್ರಿಕದ ದೇಶಗಳಿಂದ ಹುಡುಗರು ಬರುತ್ತಾರೆ. ಮನೆ ಹುಡುಕುವಾಗ ಅವರು ಮೊದಲು ಕಲಿಯುವ ಕನ್ನಡ ‘ನಾನ್‌ವೆಜ್ ಮಾಡ್ತೀರಾ?’ ಎಂಬ ಪ್ರಶ್ನೆಯೇ ಇರಬೇಕು. ಈ ಪ್ರಶ್ನೆ ಈ ಊರಿನಲ್ಲೇ ಹುಟ್ಟಿದ ನನಗೂ ಹೊಸದಲ್ಲ. ಸಿದ್ಧಾರ್ಥನಗರದಲ್ಲಿ ಬಾಡಿಗೆಗೆ ಮನೆ ಕೇಳಲು ಹೋದಾಗ, ನನ್ನ ಹೆಸರು ಕೇಳಿದ ಮೇಲೆ ಒಬ್ಬ ಯಜಮಾನರು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟು, ಮನೆ ಇಲ್ಲವೆಂದರು. ಕಾಫಿ ಚೆನ್ನಾಗಿತ್ತು.

ಕಡೆಗೆ ಸಿಕ್ಕ ಮನೆಯ ಮೇಲ್ಮಹಡಿಯಲ್ಲಿ ಕೆಲಕಾಲ ಯೆಮನಿನ ಮೂವರು ವಿದ್ಯಾರ್ಥಿಗಳಿದ್ದರು. ರಂಜಾನಿನಲ್ಲಿ ಒಂದು ಸಂಜೆ ನಮ್ಮನ್ನೂ ಎದುರುಮನೆಯ ನಿವೃತ್ತ ಮೇಷ್ಟ್ರನ್ನೂ ಇಫ್ತಾರಿಗೆ ಕರೆದರು. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ನಡುವೆ ಒಂದೇ ದೊಡ್ಡ ಹರಿವಾಣದಲ್ಲಿ ಅನ್ನ ಮತ್ತು ಕುರಿ, ಸುತ್ತ ಎಲ್ಲರ ಕೈ. ಮೇಷ್ಟ್ರು ಲಿಂಗಾಯತರು, ಮಾಂಸ ಮುಟ್ಟದವರು. ಮಂಡಿನೋವಿನಿಂದ ಕಷ್ಟಪಟ್ಟು ಕೆಳಗೆ ಕೂತರು. ಹುಡುಗರಿಗೆ ಏನು ಮಾಡಬೇಕೋ ತೋಚಲಿಲ್ಲ. ನನ್ನ ಹೆಂಡತಿ ಕೆಳಗೆ ಹೋಗಿ ಮೊಸರನ್ನ ಕಲಸಿ ತಂದಳು. ಮೇಷ್ಟ್ರು ಖರ್ಜೂರ ಬಾಯಿಗಿಟ್ಟುಕೊಂಡು, ಅವರ ಹರಿವಾಣದ ಪಕ್ಕದಲ್ಲೇ ತಮ್ಮ ತಟ್ಟೆ ಇಟ್ಟುಕೊಂಡು ಉಂಡರು. 2015ರಲ್ಲಿ ಅವರ ದೇಶದಲ್ಲಿ ಯುದ್ಧ ಹಬ್ಬಿದಾಗ ಮನೆಯಿಂದ ಹಣ ಬರುವುದು ನಿಂತಿತು. ಆಗ ಕೆಲವು ತಿಂಗಳು ಆ ಹುಡುಗರ ಬಾಡಿಗೆಯಲ್ಲಿ ಒಂದು ಪಾಲು ಕೊಟ್ಟವರು ಮೇಷ್ಟ್ರು ಎಂಬುದು ಅವರು ತೀರಿಕೊಂಡ ಮೇಲೆ, ಮಣ್ಣಿಗೆ ಬಂದ ಹುಡುಗರಿಂದ ನಮಗೆ ತಿಳಿಯಿತು.